ಬಾರದ ಪ್ರಶಸ್ತಿಗೆ ನಾನು ಬರೆದ ಸನ್ಮಾನ ಪತ್ರ

ಕಳೆದ ವಾರ ಪುತ್ತೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಉಳುಕಿತು. ಔಷಧದಂಗಡಿಯವರು ಕೇರಳದ ನೋವಿನ ಎಣ್ಣೆಯ ಸಣ್ಣ ಬಾಟಲಿಯೊಂದನ್ನು ಕೊಟ್ಟರು. ಮನೆಗೆ ಬಂದು ಅದರ ಮುಚ್ಚಳ ತೆಗೆದದ್ದೇ ತಡ, ನೆಲ್ಯಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹುಡುಗಿ ಕಣ್ಣೆದುರು ಬಂದಳು. ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಕೂತು ಮೊಣಗಂಟಿಗೆ ಇದೇ ಎಣ್ಣೆ ತಿಕ್ಕುತ್ತಿದ್ದಳು. ಎಡಗಾಲೋ ಬಲಗಾಲೋ... ಎಡಗಾಲು ಎಂದು ನನ್ನ ನೆನಪು. ಆದರೆ ಅವಳ ವಿಷಯದಲ್ಲಿ ನನ್ನ ನೆನಪಿನ ಬೆಲೆ ಎಷ್ಟೆಂದು ಈ ವಾರವೇ ಗೊತ್ತಾಯಿತು.

ಅವಳು ದೇಶದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಬ್ಯಾಕ್ ಆಡುತ್ತಿದ್ದಳು, ಎಂದರೆ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವವಳು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆನಿಂತ ಕುಟುಂಬ, ಅಪ್ಪ ರಬ್ಬರ್ ಮರದಿಂದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವರು. ವಿಶ್ವಕಪ್ ಬಂತೆಂದರೆ ನಮ್ಮಲ್ಲಿ ಹೆದ್ದಾರಿಯ ಬದಿಗೆ ಅರ್ಜೆಂಟೀನಾ, ಬ್ರೆಜಿಲ್ ಆಟಗಾರರ ಫ್ಲೆಕ್ಸ್‌ಗಳು ಮರದೆತ್ತರಕ್ಕೆ ಏಳುತ್ತಿದ್ದವು. ಅವುಗಳ ಬುಡದಲ್ಲಿ ಚಾ ಕುಡಿಯುತ್ತ ಜಗಳಾಡುವವರಲ್ಲಿ ಅರ್ಧದಷ್ಟು ಜನರಿಗೆ, ಎದುರಿಗೆ ಬ್ಯಾಗು ಹಾಕಿಕೊಂಡು ಬಸ್ಸಿಗೆ ಕಾಯುತ್ತಿರುವವಳು ಯಾರೆಂದು ಗೊತ್ತಿರಲಿಲ್ಲ. ಒಮ್ಮೆ ಅದನ್ನು ಹೇಳಿ ನಾನು ಬೇಸರಪಟ್ಟಾಗ ಅವಳು ನಕ್ಕುಬಿಟ್ಟಳು.

“ಬ್ಯಾಕ್ ಆಡುವವರ ಹೆಸರು ಕಾಮೆಂಟರಿಯಲ್ಲಿ ಬರುದು ತಪ್ಪು ಮಾಡಿದಾಗ ಮಾತ್ರ ಅಕ್ಕ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಂದ್ರೆ ನಾನು ಸರಿಯಾಗಿ ಆಡ್ತಾ ಇದ್ದೇನೆ ಅಂತ.”

ರಾಷ್ಟ್ರೀಯ ತಂಡದ ಅಭಿಮಾನಿಗಳು ಫೋನಿನಲ್ಲಿ ಓಟು ಹಾಕಿ ವರ್ಷದ ಆಟಗಾರ್ತಿಯನ್ನು ಆರಿಸುವ ಪದ್ಧತಿಯೊಂದು ಇತ್ತು. ಮೊಣಗಂಟಿನ ಆಪರೇಶನ್ ಮುಗಿಸಿ ಅವಳು ತಂಡಕ್ಕೆ ಮರಳಿದ ವರ್ಷ, ಓಟಿಗಿಟ್ಟ ಐದು ಹೆಸರುಗಳಲ್ಲಿ ಅವಳದೂ ಒಂದಾಗಿತ್ತು. ಊರಿನ ಸ್ಪೋರ್ಟ್ಸ್ ಕ್ಲಬ್ಬಿಗೆ ಆಗ ಒಮ್ಮೆಲೇ ಅವಳ ನೆನಪಾಯಿತು. ಮೂರೇ ದಿನಗಳಲ್ಲಿ ಪೇಟೆಯಲ್ಲಿ ಫ್ಲೆಕ್ಸ್ ನಿಂತಿತು. ನಡುವೆ ಅವಳ ಫೋಟೊ, ಸುತ್ತ ಕ್ಲಬ್ಬಿನ ಪದಾಧಿಕಾರಿಗಳ ಇಪ್ಪತ್ತೋ ಇಪ್ಪತ್ತೈದೋ ಫೋಟೊಗಳು. ‘ವರ್ಷದ ಆಟಗಾರ್ತಿಗೆ ಹಾರ್ದಿಕ ಅಭಿನಂದನೆಗಳು’ ಎಂದು ದಪ್ಪಕ್ಷರದಲ್ಲಿತ್ತು. ಓಟು ಮುಗಿಯಲು ಇನ್ನೂ ಒಂದು ವಾರವಿತ್ತು. ಓಟು ಹಾಕುವುದು ಹೇಗೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ನಾನು ಹೋಟೆಲಿನಲ್ಲಿ, ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಓಟು ಹಾಕಿ ಎಂದು ಹೇಳಿ ನೋಡಿದೆ.

“ನನ್ನ ಓಟು ಕಾಣಿಯೂರಿನಲ್ಲಿ ಮಾರಾಯ್ರೆ, ಇಲ್ಲಿ ಹಾಕ್ಲಿಕ್ಕೆ ಆಗ್ತದಾ?” ಎಂದು ಒಬ್ಬರು ತಮಾಷೆ ಮಾಡಿದರು.

“ಫ್ಲೆಕ್ಸೇ ಹಾಕಿ ಆಗಿದೆ. ಬಂದ ಪ್ರಶಸ್ತಿಗೆ ಇನ್ನೆಂತ ಓಟು?” ಎಂದರು ಇನ್ನೊಬ್ಬರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಪ್ರಶಸ್ತಿ ಬರಲಿಲ್ಲ. ಅದು ಬಂದದ್ದು ಮುಂದೆ ನಿಂತು ಗೋಲು ಹೊಡೆಯುವ ಹುಡುಗಿಗೆ. ತಂಡದ ತರಬೇತಿ ಕ್ಯಾಂಪಿನಲ್ಲಿ ಇವಳದೇ ಕೋಣೆಯಲ್ಲಿ ಇರುವವಳು. ಇವಳಿಗೆ ಬೇಸರವಾದಂತೆ ನನಗೆ ಕಾಣಲಿಲ್ಲ. ಅಥವಾ ನಾನು ಸರಿಯಾಗಿ ನೋಡಲಿಲ್ಲವೋ ಏನೋ... ಆದರೆ ಕ್ಲಬ್ಬು ಆಗಲೇ ಸನ್ಮಾನದ ದಿನ ಗೊತ್ತುಮಾಡಿತ್ತು. ಮುಖ್ಯ ಅತಿಥಿಗಳು ಬಹಳ ಕಷ್ಟದಲ್ಲಿ ಸಮಯ ಕೊಟ್ಟಿದ್ದರು. ಸನ್ಮಾನ ಪತ್ರವನ್ನು ಎಂ.ಎ. ಮಾಡಿದವಳು ಎಂಬ ಕಾರಣಕ್ಕೆ ನನ್ನಿಂದಲೇ ಮೊದಲೇ ಬರೆಸಿ, ಅಚ್ಚು ಹಾಕಿಸಿ, ಕಟ್ಟು ಹಾಕಿಸಿಯೂ ಆಗಿತ್ತು. ‘ದೇಶದ ಅಭಿಮಾನಿಗಳ ಮನವನ್ನೂ ಮತವನ್ನೂ ಗೆದ್ದು ವರ್ಷದ ಆಟಗಾರ್ತಿಯಾಗಿ ಮೂಡಿಬಂದ ತಮ್ಮನ್ನು...’ ಎಂದು ಅದರಲ್ಲೊಂದು ಸಾಲಿತ್ತು.

ಸನ್ಮಾನದ ದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಕೂತುಕೋ ಎಂದರೂ ಕೂರಲಿಲ್ಲ.

“ಅಕ್ಕ, ಕ್ಲಬ್ಬಿನ ಅಧ್ಯಕ್ಷರತ್ರ ನಾನು ಹೇಳಿ ಆಯ್ತು, ಅವರು ಕೇಳುದಿಲ್ಲ. ಪತ್ರ ಓದುವುದು ನೀವಲ್ವಾ? ಆ ಸಾಲು ಬಿಟ್ಟು ಓದಿ. ಸೋಮವಾರ ನನಗೆ ಕ್ಯಾಂಪಿಗೆ ಹೋಗ್ಲಿಕ್ಕೆ ಉಂಟು. ಅವಳ ಪ್ರಶಸ್ತಿಯನ್ನು ನನ್ನದು ಅಂತ ಹೇಳಿಸಿಕೊಂಡು ಅವಳ ಕೋಣೆಯಲ್ಲಿ ಹೇಗೆ ಮಲಗುದು?”

ಬಿಟ್ಟು ಓದುತ್ತೇನೆ ಎಂದೆ. ಇದರಲ್ಲಿ ನನಗೆ ಸಂಶಯವಿಲ್ಲ, ಮಾತು ಕೊಟ್ಟಿದ್ದೆ.

ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಅಧ್ಯಕ್ಷರಿಗೆ ವಿಷಯ ಹೇಳಿದಾಗ ಅವರು ತಗ್ಗಿದ ದನಿಯಲ್ಲಿ, “ಪ್ರಶಸ್ತಿ ಬಾರದವಳಿಗೆ ಎಂತಕ್ಕೆ ಸನ್ಮಾನ ಅಂತ ಅತಿಥಿಗಳು ಕೇಳಿದ್ರೆ ನಾನು ಎಂತ ಹೇಳುದು ಮೇಡಂ? ನಿಮ್ಮ ಹುಡುಗಿಗೇ ಅಲ್ವಾ ಒಳ್ಳೆ ಹೆಸರು? ಇದ್ದದ್ದನ್ನು ಓದಿ ಮಾರಾಯ್ರೆ,” ಎಂದರು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪೇಟ ಇಟ್ಟರು, ಶಾಲು ಹೊದಿಸಿದರು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ನಾನು ಮೈಕಿನ ಮುಂದೆ ಹೋದೆ.

ಇಷ್ಟು ವರ್ಷವೂ ನಾನು ನೆನಪಿಟ್ಟುಕೊಂಡದ್ದು ಹೀಗೆ: ಆ ಸಾಲು ಬಂದಾಗ ಗಂಟಲು ಕಟ್ಟಿತು, ಅರ್ಧ ನುಂಗಿದೆ, ಅರ್ಧ ಯಾರಿಗೂ ಕೇಳದ ಹಾಗೆ ಓದಿದೆ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಕ್ಯಾಂಪಿನವರೆಗೆ ಹೋಯಿತು. ಅದಕ್ಕೆ ನಾನೇನು ಮಾಡಲಿ...

ಸೋಮವಾರ ಹೋದವಳು ಹತ್ತು ಹನ್ನೆರಡು ದಿನಗಳಲ್ಲಿ ವಾಪಸು ಬಂದಳು. ಮತ್ತೆ ಹೋಗಲಿಲ್ಲ.

“ಪುನಃ ಮೊಣಗಂಟಾ?” ಎಂದು ಬೇಲಿಯ ಈಚೆಯಿಂದ ಕೇಳಿದೆ.

“ಹೌದಕ್ಕ, ಮೊಣಗಂಟು,” ಎಂದಳು.

ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು. ಅದೇ ತಿಂಗಳು ಅವಳು ಎರಡು ಕೈಯಲ್ಲೂ ರಬ್ಬರ್ ಹಾಲಿನ ಬಕೆಟ್ ಹಿಡಿದು ಗುಡ್ಡದಿಂದ ಸರಸರನೆ ಇಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕುಂಟುತ್ತಿರಲಿಲ್ಲ. ಪೇಟೆಯಲ್ಲಿ ಫ್ಲೆಕ್ಸ್ ಇನ್ನೂ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಜನ ಅಭಿನಂದನೆ ಹೇಳುತ್ತಿದ್ದರು. ಮೊದಮೊದಲು ಅವಳು “ನನಗೆ ಬರಲಿಲ್ಲ” ಎಂದು ತಿದ್ದುತ್ತಿದ್ದಳು, ಆಮೇಲೆ ತಲೆಯಾಡಿಸಿ ಬಸ್ಸು ಹತ್ತತೊಡಗಿದಳು. ಮರುವರ್ಷ ಅವರು ಮನೆ ಮಾರಿ ಕೇರಳದ ಕಡೆಗೆ ಹೋದರು. ಹೋಗುವಾಗ ಅವಳು ನನಗೆ ಹೇಳಿ ಹೋದಳೇ? ಹೇಳಿದ್ದರೆ ನೆನಪಿರಬೇಕಿತ್ತು.

ಮೊನ್ನೆ ಕಾಲಿಗೆ ಎಣ್ಣೆ ಹಚ್ಚಿ ಕೂತವಳು, ಯಾಕೋ ಕ್ಲಬ್ಬಿನ ಫೇಸ್‌ಬುಕ್ ಪೇಜಿನಲ್ಲಿ ಆ ವಿಡಿಯೊ ಹುಡುಕಿದೆ. ಇನ್ನೂ ಇದೆ. ನನ್ನ ದನಿ ಎಲ್ಲಿಯೂ ನಡುಗುವುದಿಲ್ಲ, ಗಂಟಲು ಕಟ್ಟುವುದಿಲ್ಲ. ಮನವನ್ನೂ ಮತವನ್ನೂ ಎಂಬಲ್ಲಿ ನಾನು ಎರಡೂ ಪದಗಳಿಗೆ ಒತ್ತು ಕೊಟ್ಟು ಓದುತ್ತೇನೆ. ಸಾಲು ಮುಗಿದ ಮೇಲೆ ಪತ್ರದಿಂದ ತಲೆಯೆತ್ತಿ ಸಭೆಯನ್ನು ನೋಡುತ್ತೇನೆ, ಚಪ್ಪಾಳೆಗಾಗಿ ಕಾಯುತ್ತೇನೆ. ಹೆದರಿ ಓದಿದ್ದಲ್ಲ ಅದು. ನನ್ನ ಸಾಲು ನನಗೆ ಇಷ್ಟವಾಗಿತ್ತು. ಹಿಂದೆ, ಪೇಟದ ಕೆಳಗೆ, ಅವಳು ಸಭೆಯ ಕಡೆ ನೋಡುತ್ತಿಲ್ಲ, ನನ್ನ ಬೆನ್ನನ್ನು ನೋಡುತ್ತಿದ್ದಾಳೆ. ಚಪ್ಪಾಳೆ ಜೋರಾದಾಗ ಬೇರೆ ದಾರಿಯಿಲ್ಲದೆ ಕೈ ಮುಗಿಯುತ್ತಾಳೆ.

ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರೇ ಈಗಲೂ ಅಧ್ಯಕ್ಷರು. ಅವಳ ನಂಬರ್ ಅವರ ಬಳಿ ಇರಲಿಲ್ಲ, ಎಲ್ಲಿದ್ದಾಳೆಂದೂ ಗೊತ್ತಿರಲಿಲ್ಲ. ಆ ವಿಡಿಯೊವನ್ನಾದರೂ ತೆಗೆದುಬಿಡಿ ಎಂದೆ.

“ಅದನ್ನು ತೆಗಿಲಿಕ್ಕೆ ಉಂಟಾ ಮೇಡಂ? ನಮ್ಮ ಪೇಜಲ್ಲಿ ಜನ ಹೆಚ್ಚು ನೋಡಿದ್ದು ಅದನ್ನೇ. ಕೆಳಗೆ ಜನ ಕಾಮೆಂಟ್ ಬರ್ದದ್ದು ಓದಿದ್ರಾ? ಎಲ್ಲ ನಿಮ್ಮ ಕನ್ನಡದ ಬಗ್ಗೆಯೇ.”

ಫೋನ್ ಇಟ್ಟ ಮೇಲೆ ಓದಿದೆ. ಅವರು ಹೇಳಿದ್ದು ನಿಜ. ಅವಳ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.