ಕೋಲಿನಿಂದ ಹತ್ತು ಹೆಜ್ಜೆ ಉತ್ತರಕ್ಕೆ

2023ರ ಏಪ್ರಿಲ್ 25, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರೊಳಗೆ, ಲೀಡ್ಸ್ ನಗರದ ವಾಯವ್ಯಕ್ಕಿರುವ ಹ್ಯಾಗ್‌ಸ್ಟೋನ್ ಎಸ್ಟೇಟಿನ ಹನ್ನೆರಡು ಎಕರೆ ಹೊಲವೊಂದರಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಹುಲ್ಲು ಕತ್ತರಿಸುವ ಯಂತ್ರ ಓಡಿತು. ನೆಲದ ಮೇಲಿನ ಒಂಬತ್ತು ಹಕ್ಕಿಗೂಡುಗಳಲ್ಲಿದ್ದ ಮೂವತ್ತೈದು ಮೊಟ್ಟೆಗಳು ನಾಶವಾದವು. ಮಾರ್ಚ್ 15ರಿಂದ ಜುಲೈ 15ರವರೆಗೆ ಈ ಹೊಲಕ್ಕೆ ಯಾವ ಯಂತ್ರವನ್ನೂ ಇಳಿಸುವುದಿಲ್ಲವೆಂದು ಎಸ್ಟೇಟ್ ಕಚೇರಿಯೇ 2014ರಲ್ಲಿ ಬರೆದುಕೊಟ್ಟಿತ್ತು. ಅದನ್ನು ತಾನೇ ಮುರಿದ ಕಚೇರಿ, ತಪ್ಪನ್ನು ಝಾಹಿದಾ ಎಂಬವರ ಮೇಲೆ ಹೊರಿಸಿತು.

ಝಾಹಿದಾ ಬಾಗಲಕೋಟೆಯವರು. ಮನೆಮಾತು ದಖನಿ, ಓದಿದ್ದು ಕನ್ನಡದಲ್ಲಿ. 1988ರಲ್ಲಿ ಗಂಡ ರಹೀಮರೊಂದಿಗೆ ಲೀಡ್ಸ್‌ಗೆ ಬಂದು ಹೆಡಿಂಗ್ಲೀಯಲ್ಲಿ ಮನೆ ಮಾಡಿದರು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ಸೂಕ್ಷ್ಮದರ್ಶಕದಡಿ ರಕ್ತಕಣಗಳನ್ನು ಎಣಿಸಿದರು. ಎಣಿಕೆಯಲ್ಲಿ ಸಂಶಯ ಬಂದರೆ ಎರಡನೆಯ ಸಲ ಎಣಿಸುವುದು, ಆಗಲೂ ಹೊಂದದಿದ್ದರೆ ಮೂರನೆಯ ಸಲ ಎಣಿಸುವುದು ಅವರ ಪದ್ಧತಿ.

2012ರ ವಸಂತದಲ್ಲಿ ಸಹೋದ್ಯೋಗಿಗಳ ಜೊತೆ ನಡಿಗೆಗೆ ಹೋದಾಗ ಈ ಹೊಲವನ್ನು ಅವರು ಮೊದಲು ಕಂಡರು. ಮೇಲಿನ ಇಳಿಜಾರಿನಲ್ಲಿ ಮೊಣಕಾಲೆತ್ತರದ ಹೆದರ್ ಎಂಬ ಕುರುಚಲು ಪೊದೆ, ಕೆಳಗೆ ಜೊಂಡು ಮತ್ತು ಹುಲ್ಲು. ಅಲ್ಲಿಂದ ಕೂಗುತ್ತ ಎದ್ದ ಹಕ್ಕಿ ಅವರಿಗೆ ಹೊಸದೆನಿಸಲಿಲ್ಲ. ತಂದೆಯ ಜೋಳದ ಹೊಲದಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತಿದ್ದ ಟಿಟ್ಟಿಭದ ಹತ್ತಿರದ ಸಂಬಂಧಿ ಅದು. ತಲೆಯ ಮೇಲೆ ಜುಟ್ಟು ಮಾತ್ರ ಹೆಚ್ಚು. ಹೊಲವನ್ನು ಗೇಣಿಗೆ ಮಾಡುತ್ತಿದ್ದ ಕುರಿಗಾರ ಹೋಲ್‌ರಾಯ್ಡ್ ಗೇಟಿನ ಬಳಿ ನಿಂತಿದ್ದರು. ಝಾಹಿದಾ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಗೂಡಿವೆ?" ಅವರಿಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಝಾಹಿದಾ ನೋಟ್‌ಬುಕ್ಕಿನೊಂದಿಗೆ ಬಂದರು.

ಆ ವರ್ಷ ಮೂರು ಗೂಡು. ಹೋಲ್‌ರಾಯ್ಡ್ ಜೂನ್ ಮಧ್ಯದವರೆಗೆ ಕುರಿಗಳನ್ನು ಪಕ್ಕದ ಹೊಲಕ್ಕೆ ಹಾಕತೊಡಗಿದರು. ಮೊಟ್ಟೆಯೊಡೆದು ಬಂದ ಮರಿಗಳು ಅಡಗಲೆಂದು ಅಂಚಿನ ಹೆದರ್ ಕತ್ತರಿಸುವುದನ್ನು ನಿಲ್ಲಿಸಿದರು. 2022ರ ಹೊತ್ತಿಗೆ ಎಂಟು ಗೂಡುಗಳಾದವು. ಹೊಲ ಹೊಲವಾಗಿಯೇ ಉಳಿಯಿತು, ಕುರಿಗಳೂ ಸೊರಗಲಿಲ್ಲ.

ಗೂಡನ್ನು ಗುರುತಿಸಲು ಝಾಹಿದಾ ಬಿದಿರಿನ ಕೋಲು ನೆಡುತ್ತಿದ್ದರು, ಆದರೆ ಗೂಡಿನ ಪಕ್ಕದಲ್ಲಲ್ಲ. ಕೋಲು ಕಂಡಲ್ಲಿ ಮೊಟ್ಟೆ ಸಿಗುತ್ತದೆಂದು ಕಾಗೆ ಒಂದೇ ವಾರದಲ್ಲಿ ಕಲಿಯುತ್ತದೆ. ಆದ್ದರಿಂದ ಗೂಡು ಯಾವಾಗಲೂ ಕೋಲಿನಿಂದ ಹತ್ತು ಹೆಜ್ಜೆ ಉತ್ತರಕ್ಕೆ. ಇದು ಹೋಲ್‌ರಾಯ್ಡ್ ಅವರಿಗೆ ಗೊತ್ತಿತ್ತು. 2014ರ ಒಪ್ಪಂದದ ಎರಡನೆಯ ಪುಟದಲ್ಲಿಯೂ ಇದೆ.

ರಹೀಮ್ ಕಾರು ಓಡಿಸಿಕೊಂಡು ಬಂದು, ಗೇಟಿನ ಬಳಿ ಪತ್ರಿಕೆ ಓದುತ್ತ ಕೂರುತ್ತಿದ್ದರು. ಒಮ್ಮೆ, ಅವರ ಪರಿಚಯಸ್ಥನಾದ ನನ್ನ ಮುಂದೆಯೇ ದೂರಿದರು: "ನಲವತ್ತು ವರ್ಷದಲ್ಲಿ ನನ್ನ ಹುಟ್ಟಿದ ದಿನ ಒಂದ್ಸಲಾನೂ ನೆನಪಿಟ್ಟಿಲ್ಲ ಸರ್ ಇವಳು. ಹಕ್ಕಿ ಮೊಟ್ಟೆ ಇಟ್ಟ ದಿನ ಕೇಳಿ, ಟೈಮ್ ಸಮೇತ ಹೇಳ್ತಾಳೆ."

"ಹಕ್ಕಿ ವರ್ಷಾ ವರ್ಷಾ ಏನಾದ್ರೂ ಹೊಸದು ಮಾಡತ್ತೆ," ಎಂದರು ಝಾಹಿದಾ. "ನೀವು ಮಾಡ್ತೀರಾ?"

ಆ ಮಂಗಳವಾರ ಹೋಲ್‌ರಾಯ್ಡ್ ಸ್ಕಿಪ್ಟನ್ನಿನ ಕುರಿ ಸಂತೆಗೆ ಹೋಗಿದ್ದರು. ಮೇ 3ರಂದು ಎಸ್ಟೇಟಿನ ಟ್ರಸ್ಟಿಗಳು ಬರುವವರಿದ್ದರೆಂದು, ಜಾಗ ಓರಣವಾಗಿ ಕಾಣಲೆಂದು, ಹೋಲ್‌ರಾಯ್ಡ್ ಅವರಿಗೆ ತಿಳಿಸದೆಯೇ ಕಚೇರಿ ಹೊಸ ಗುತ್ತಿಗೆದಾರನೊಬ್ಬನನ್ನು ಕಳಿಸಿತು. ಹತ್ತು ಐವತ್ತೈದಕ್ಕೆ ಝಾಹಿದಾ ಮತ್ತು ರಹೀಮ್ ತಲುಪಿದಾಗ ಚಾಲಕ ಕೊನೆಯ ಸಾಲು ಮುಗಿಸಿ ಇಳಿಯುತ್ತಿದ್ದ. ಇಡೀ ಹೊಲ ಬೋಳಾಗಿತ್ತು. ಒಂಬತ್ತು ಕೋಲುಗಳ ಸುತ್ತ ಮಾತ್ರ ಒಂಬತ್ತು ದುಂಡನೆಯ ಹುಲ್ಲಿನ ದ್ವೀಪಗಳು ನಿಂತಿದ್ದವು.

"ನೋಡಿ ಲವ್, ಒಂದು ಕೋಲಿಗೂ ತಾಗಿಸಿಲ್ಲ," ಎಂದ ಚಾಲಕ. ಯಾರ್ಕ್‌ಶೈರಿನವರು ಗುರುತಿಲ್ಲದ ಹೆಂಗಸರನ್ನೂ ಹೀಗೆಯೇ ಕರೆಯುತ್ತಾರೆ. "ಕೋಲಿನ ಹತ್ತಿರ ಹೋಗ್ಬೇಡ ಅಂದಿದ್ರು ಆಫೀಸಿನವ್ರು. ಗಂಟೆಗಟ್ಟಲೆ ಸುತ್ತು ಹಾಕಿದೀನಿ."

ಝಾಹಿದಾ ಅವನಿಗೆ ನಿಜ ಹೇಳಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಅವನು ಹೋದ ಮೇಲೆ ರಹೀಮ್ ರೇಗಿದರು: "ಬಯ್ಯೋದು ಬಿಟ್ಟು ಚಹಾ ಕೊಡ್ತೀಯಲ್ಲ!"

"ಅವನು ಹೇಳಿದ್ದನ್ನ ಹೇಳಿದ ಹಾಗೆ ಮಾಡಿದಾನೆ. ಹೇಳಿದವರು ಅರ್ಧ ಹೇಳಿದಾರೆ."

ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಪ್ರತಿ ಗೂಡಿನ ಗತಿ ಬರೆಯಬೇಕು. ಹಿಂದಿನ ಹನ್ನೊಂದು ವರ್ಷಗಳಲ್ಲಿ ಅಲ್ಲಿ ಮೂರೇ ಪದಗಳಿದ್ದವು: ಮರಿ, ಕಾಗೆ, ನರಿ. ಅಂದು ಒಂಬತ್ತು ಸಲ "ಯಂತ್ರ" ಎಂದು ಬರೆದರು.

ಮರುದಿನ ಅವರ ಕೋರಿಕೆಯಂತೆ ನಾನೂ ಹೋದೆ. ಭೂಮಾಪನೆಯ ಕೆಲಸದಲ್ಲಿ ಮೂವತ್ತೆಂಟು ವರ್ಷ ಕಳೆದವನು ನಾನು. ಝಾಹಿದಾರ ಹೆಜ್ಜೆ ಅರವತ್ತೆಂಟು ಸೆಂಟಿಮೀಟರ್. ಹತ್ತು ಹೆಜ್ಜೆಗೆ ಆರು ಮೀಟರ್ ಎಂಬತ್ತು. ಕೋಲುಗಳಿಂದ ಒಡೆದ ಮೊಟ್ಟೆಗಳವರೆಗೆ ಟೇಪು ಹಿಡಿದಾಗ ಬಂದ ಅತಿ ಕಡಿಮೆ ದೂರ ಆರೂವರೆ ಮೀಟರ್, ಅತಿ ಹೆಚ್ಚು ಏಳು ಮೀಟರ್ ಹತ್ತು. ಒಂಬತ್ತೂ ಉತ್ತರಕ್ಕೆ. ಹುಲ್ಲಿನ ದ್ವೀಪಗಳಲ್ಲಿ ಯಾವುದೂ ಕೋಲಿನಿಂದ ಎರಡು ಮೀಟರಿಗಿಂತ ಆಚೆ ಚಾಚಿರಲಿಲ್ಲ. ಒಂದೊಂದು ಗೂಡಿನ ಜಾಗದಲ್ಲಿ ಹೋಲ್‌ರಾಯ್ಡ್ ಒಂದೊಂದು ಕಲ್ಲು ಇಟ್ಟರು. ಅಳತೆಯ ಹಾಳೆಗೆ ಮೂವರೂ ಸಹಿ ಹಾಕಿದೆವು.

ಮೇ 9ರಂದು ಕಚೇರಿಯ ಪತ್ರ ಬಂತು. ಅದರ ಸಾರ ಹೀಗಿತ್ತು: ಗುರುತಿಸಿದ ಜಾಗಗಳನ್ನೆಲ್ಲ ಗುತ್ತಿಗೆದಾರ ಉಳಿಸಿದ್ದಾನೆ, ಫೋಟೋಗಳಿವೆ. ಆ ಜಾಗಗಳಲ್ಲಿ ಗೂಡುಗಳಿರಲಿಲ್ಲ. ಆದ್ದರಿಂದ ಗುರುತುಗಳು ತಪ್ಪು, ಹನ್ನೊಂದು ವರ್ಷಗಳ ದಾಖಲೆಯೂ ನಂಬಲರ್ಹವಲ್ಲ. ಮುಂದಿನ ವರ್ಷದಿಂದ ಎಣಿಕೆ ಬೇಡ. ನಾವು ಅಳತೆಯ ಹಾಳೆ ಕಳಿಸಿದೆವು. "ವಿಷಯ ಮುಗಿದಿದೆ" ಎಂಬ ಒಂದು ಸಾಲಿನ ಉತ್ತರ ಬಂತು.

ಬಯ್ಗುಳವನ್ನು ಝಾಹಿದಾ ಸಹಿಸುತ್ತಿದ್ದರು. ಎಣಿಕೆ ತಪ್ಪೆಂಬುದನ್ನು ಸಹಿಸಲಾಗಲಿಲ್ಲ. ನೋಟ್‌ಬುಕ್ಕುಗಳನ್ನು ಮೊದಲಿನಿಂದ ಮೂರು ಸಲ ಪರಿಶೀಲಿಸಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪು ಅಂಟಿಸಿದರು. 2024ರ ಮಾರ್ಚಿನಲ್ಲಿ ಎರಡು ಜೋಡಿ ಹಕ್ಕಿಗಳಷ್ಟೇ ಬಂದವು. ಹೊಲಕ್ಕೆ ಇಳಿಯಲು ಅನುಮತಿಯಿಲ್ಲದ ಕಾರಣ ರಸ್ತೆಯ ಕಲ್ಲುಗೋಡೆಯಾಚೆಯಿಂದ ನೋಡಿದರು. ಏನನ್ನೂ ಬರೆಯಲಿಲ್ಲ.

ಹ್ಯಾಗ್‌ಸ್ಟೋನ್ ಎಸ್ಟೇಟಿನ ವ್ಯವಸ್ಥಾಪಕರಿಗೂ ಟ್ರಸ್ಟಿಗಳಿಗೂ ಹೇಳುವುದಿಷ್ಟು. ನೀವೇ ಸಹಿ ಮಾಡಿದ ಒಪ್ಪಂದದ ಎರಡನೆಯ ಪುಟವನ್ನು ಓದಿರಿ. ಮೇ 9ರ ಪತ್ರವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿರಿ. ಹಾಗೆ ಹಿಂತೆಗೆದುಕೊಂಡಿರುವುದಾಗಿ ಬರೆದ ಪತ್ರವನ್ನು ಝಾಹಿದಾ ಅವರ ಹೆಸರಿಗೇ ಕಳಿಸಿರಿ. ಹೋಲ್‌ರಾಯ್ಡ್ ಅವರಿಗೆ ತಿಳಿಸದೆ ಆ ಹೊಲಕ್ಕೆ ಯಂತ್ರ ಇಳಿಸಬೇಡಿರಿ. ಇನ್ನೂ ಸಂಶಯವಿದ್ದರೆ, ಒಂಬತ್ತು ಕೋಲುಗಳೂ ಒಂಬತ್ತು ಕಲ್ಲುಗಳೂ ಈಗಲೂ ಅಲ್ಲೇ ಇವೆ. ಬಂದು ಟೇಪಿನ ಒಂದು ತುದಿಯನ್ನು ನೀವು ಹಿಡಿಯಿರಿ.