ಟಿಕ್ ತೆಗೆಯಬೇಕಿತ್ತು

ನಮ್ಮಮ್ಮ ರಮಾಮಣಿ ಮೂವತ್ತೊಂದು ವರ್ಷ ವಿಮಾ ಕಚೇರಿಯ ರೆಕಾರ್ಡ್ ರೂಮಿನಲ್ಲಿ ದುಡಿದವಳು. ಅಲ್ಲಿನ ಪದ್ಧತಿ ಅವಳ ಮೈಗೆ ಅಂಟಿಕೊಂಡಿದೆ. ಮೂಲ ಕಡತ ಬೀರುವಿನಿಂದ ಹೊರಗೆ ಬರಕೂಡದು, ಮೇಜಿಗೆ ಹೋಗುವುದು ನಕಲು ಮಾತ್ರ, ಕೆಲಸ ಮುಗಿದ ಮೇಲೆ ನಕಲನ್ನು ಹರಿದು ಬಿಸಾಡಬೇಕು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಗ್ಯಾಸ್ ರಸೀದಿಗೂ ಒಂದು ಕಡತವಿದೆ.

ಅಪ್ಪ ವೆಂಕಟಸುಬ್ಬಯ್ಯ ವಿಮಾನ ಕಾರ್ಖಾನೆಯಲ್ಲಿದ್ದವರು, ಮಾತಿನ ಮಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ನಿನಲ್ಲಿ ದನಿಯೇ ಹೋಯಿತು. ಅದಕ್ಕೆ ಮೊದಲು ಡಾಕ್ಟರು ಹೇಳಿದಂತೆ ದಿನಬಳಕೆಯ ಅರವತ್ತು ಮಾತುಗಳನ್ನು ರೆಕಾರ್ಡ್ ಮಾಡಿಟ್ಟಿದ್ದೆವು. ಟ್ಯಾಬ್ ಒತ್ತಿದರೆ ಅವರ ದನಿಯಲ್ಲೇ ಮಾತು ಬರಲಿ ಎಂದು. ಅಪ್ಪ ಒಂದು ಸಲವೂ ಒತ್ತಲಿಲ್ಲ. ಟ್ಯಾಬನ್ನು ಆಫ್ ಮಾಡಿ ಬೀರುವಿಗೆ ಹಾಕಿ, ಸ್ಲೇಟು ಹಿಡಿದರು. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಫೋನನ್ನು ಕಿವಿಗಿಟ್ಟುಕೊಂಡು ಆ ಮಾತುಗಳನ್ನು ಕದ್ದು ಕೇಳುತ್ತಿದ್ದಳು.

ಮನೆಯ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷದ ಫೋಟೋ, ಭಜನೆ, ಕಾಗದಪತ್ರಗಳ ರಾಶಿಯಿದೆ; ಅಪ್ಪನ ದನಿಯ ಫೋಲ್ಡರೂ ಅಲ್ಲೇ. ಅಷ್ಟೂ ಫೋನಿಗೆ ಹಿಡಿಸುವುದಿಲ್ಲ. ಟಿಕ್ ಹಾಕಿದ ಫೋಲ್ಡರ್ ಮಾತ್ರ ಫೋನಿಗೂ ಟ್ಯಾಬಿಗೂ ಬರುವಂತೆ ನಾನೇ ಸಿಂಕ್ ಮಾಡಿಕೊಟ್ಟಿದ್ದೆ. "ಜಾಗ ಬೇಕಾದ್ರೆ ಟಿಕ್ ತೆಗಿ, ಡಿಲೀಟ್ ಮಾಡ್ಬೇಡ" ಅಂತಲೂ ಹೇಳಿದ್ದೆ. ಆದರೆ ಹೊರಡುವ ಗಡಿಬಿಡಿಯಲ್ಲಿ ಹೇಳಿದ ಮಾತು, ಯಾಕೆಂದು ಹೇಳಲಿಲ್ಲ. ತಪ್ಪು ನನ್ನದೂ ಹೌದು.

ಭಾನುವಾರ ಬೆಳಿಗ್ಗೆ ರಾಮಮೂರ್ತಿ ನಗರದ ನನ್ನ ಮನೆಗೆ ಅವಳ ಫೋನು ಬಂತು.

"ಶರ್ವಾಣಿ, ನಿಮ್ಮಪ್ಪನ ದನಿ ಹೋಗ್ಬಿಡ್ತು ಕಣೇ."

ಹೋಗಿ ಎರಡು ವರ್ಷವಾಯಿತಲ್ಲ ಎನ್ನಲು ಬಾಯಿ ತೆರೆದವಳು, ಅವಳ ಏದುಸಿರು ಕೇಳಿ ಏನಾಯಿತೆಂದು ವಿಚಾರಿಸಿದೆ. ಪಕ್ಕದ ಮನೆಯ ಮಗುವಿನ ನಾಮಕರಣದ ಫೋಟೋಗೆ ಜಾಗ ಬೇಕೆಂದು ಫೋನಿನಲ್ಲಿದ್ದ ದನಿಯ ಫೋಲ್ಡರನ್ನು ಅಳಿಸಿದ್ದಳು. ಮತ್ತೆ ಹಾಕಿಕೊಳ್ಳೋಣವೆಂದು ಕಂಪ್ಯೂಟರ್ ತೆರೆದರೆ ಅಲ್ಲೂ ಇಲ್ಲ. ಟಿಕ್ ತೆಗೆದಿದ್ದರೆ ಫೋನಿನಿಂದಷ್ಟೇ ಹೋಗುತ್ತಿತ್ತು; ಡಿಲೀಟ್ ಮಾಡಿದ್ದರಿಂದ ಸಿಂಕ್ ಅದನ್ನು ಕಂಪ್ಯೂಟರಿನಲ್ಲೂ ಅಳಿಸಿತ್ತು. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಮಹಾತಾಯಿ ಶ್ರದ್ಧೆಯಿಂದ ಖಾಲಿ ಮಾಡಿದ್ದಳು.

"ಫೋನಲ್ಲಿರೋದು ನಕಲು, ಆಫೀಸ್ ಥರ ಮೂಲ ಬೀರುನಲ್ಲೇ ಇರತ್ತೆ ಅನ್ಕೊಂಡೆ" ಎಂದಳು.

ಇನ್ನು ಉಳಿದದ್ದು ಆಫ್ ಆಗಿದ್ದ ಆ ಟ್ಯಾಬ್ ಒಂದೇ. ಅದು ಆನ್ ಆಗಿ ವೈಫೈ ಸಿಕ್ಕಿದರೆ ಅದರಲ್ಲಿರುವುದೂ ಅಳಿಸಿಹೋಗುತ್ತದೆ.

"ಅಮ್ಮ, ಟ್ಯಾಬ್ ಮುಟ್ಬೇಡ!"

"ಆಗ್ಲೇ ಚಾರ್ಜಿಗೆ ಹಾಕ್ದೆನಲ್ಲೇ... ಅಯ್ಯೋ, ಬೆಳಕು ಬಂತು!"

"ವೈಫೈ ಆಫ್ ಮಾಡು!"

ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಎಷ್ಟು ಸಲ ಕರೆದರೂ ಎತ್ತಲಿಲ್ಲ.

ಆಟೋ ಹತ್ತಿ ಹೊರಟವಳು ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಅಪ್ಪನ ದನಿಯನ್ನು ಎರಡನೇ ಸಲ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅಮ್ಮನಿಗಂತೂ ಖಂಡಿತ ಇರಲಿಲ್ಲ.

ಹೋಗಿ ನೋಡಿದರೆ ಅಮ್ಮ ರೂಟರಿನ ವೈರನ್ನೇ ಕಿತ್ತು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ಟ್ಯಾಬ್ ಪಕ್ಕದಲ್ಲಿತ್ತು.

"ಕಿತ್ತಿದ್ದು ತಡವಾಯ್ತೋ ಏನೋ. ನೋಡಕ್ಕೇ ಭಯ ಆಗತ್ತೆ, ನೀನೇ ನೋಡು."

ನನಗೂ ಕೈ ಬರಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಅಪ್ಪ ಮುಂದೆ ಬಂದರು. ಕನ್ನಡಕ ಏರಿಸಿ, ಟ್ಯಾಬ್ ಎತ್ತಿಕೊಂಡು, ಹುಡುಕಿ ಹುಡುಕಿ ಒಂದು ಕಡೆ ಒತ್ತಿದರು.

"ರಮಾ, ಕಾಫಿಗೆ ಡಿಕಾಕ್ಷನ್ ಸಾಲ್ದು ಕಣೇ."

ಎರಡು ವರ್ಷದ ಮೇಲೆ ಅಪ್ಪ ಮಾತಾಡಿದ್ದರು. ಅಮ್ಮ ವೈರನ್ನು ಬಿಡದೆ ಗೊಳೋ ಎಂದು ಅತ್ತಳು.

"ಸಾಲ್ದಿದ್ರೆ ನೀವೇ ಮಾಡ್ಕೊಳ್ರೀ" ಎಂದಳು.