ಗೀಚಿ ತೆಗೆದ ಹೆಸರು

ಬಂದರು ನಗರ ಬಾರಾಂಕಿಯಾದ ರೆಬೋಲೊ ಬಡಾವಣೆಯಲ್ಲಿ ಎಬೆರ್ಟೊ ಕಸ್ಸಿಯಾನಿಯ ಪಿಕೋ ಹಾಡತೊಡಗಿದರೆ ಗೋಡೆಯ ಮೇಲಿನ ಸಂತರ ಪಟಗಳೂ ಅದುರುತ್ತಿದ್ದವು. ಪಿಕೋ ಎಂದರೆ ಆಳೆತ್ತರದ ಧ್ವನಿಪೆಟ್ಟಿಗೆ, ಮೈತುಂಬ ಬಣ್ಣ. ಶನಿವಾರ ಬಂತೆಂದರೆ ಇಡೀ ಬೀದಿ ಅದರ ಮುಂದೆ ಕುಣಿಯುತ್ತಿತ್ತು. ಮನುಷ್ಯ ಕೆಟ್ಟವನಲ್ಲ. ಆದರೆ ಬೇರೆ ಪಿಕೋದವರ ಬಳಿ ಇಲ್ಲದ ಹಾಡು ತನ್ನಲ್ಲಿರಬೇಕೆಂಬ ಚಪಲ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಒಳ್ಳೆಯ ರೆಕಾರ್ಡ್ ಸಿಕ್ಕಿತೋ, ಬೇರೆಯವರು ಹುಡುಕಿ ತರದಂತೆ ನಡುವಿನ ಚೀಟಿಯನ್ನು ಬ್ಲೇಡಿನಿಂದ ಗೀಚಿ, ಹಾಡಿದವರ ಹೆಸರೇ ಇಲ್ಲದಂತೆ ಮಾಡುತ್ತಿದ್ದ. ಆ ಕಸುಬಿನವರೆಲ್ಲ ಮಾಡುತ್ತಿದ್ದದ್ದೇ ಅದು.

ಒಂದು ದಿನ, ಮೀನು ಕರಿದು ಮಾರುವ ನೆರೆಮನೆಯ ನೆರೈಡಾ, ಮನೆಯವರಿಗೂ ಹೇಳದೆ ತಾನೇ ಹಾಡಿದ ರೆಕಾರ್ಡ್ ತಂದಳು. ಒತ್ತಿಸಿದ್ದು ಇಪ್ಪತ್ತು ಪ್ರತಿ. ಇದೊಂದನ್ನು ಬಿಟ್ಟು ಉಳಿದವನ್ನು ರೇಡಿಯೊದವರು ಕೇಳದೆಯೇ ಮೂಲೆಗೆಸೆದಿದ್ದರು.

“ನಾಳೆ ಗಡಿ ದಾಟಿ ಮರಕೈಬೋಗೆ ಮನೆಗೆಲಸಕ್ಕೆ ಹೊರಟಿದೀನಿ ಮಾಮಾ. ಜನಕ್ಕೆ ಹಿಡಿಸಿದ್ರೆ ಒಂದು ಸಾಲು ಬರಿ, ವಾಪಸ್ ಬರ್ತೀನಿ. ಇಲ್ದಿದ್ರೆ ಅಲ್ಲೇ ಇದ್ಬಿಡ್ತೀನಿ.”

“ಬರೀದೆ ಇರ್ತೀನೇನೆ? ನಿನ್ನ ಹೆಸರನ್ನ ಬೀದಿ ಕತ್ತೆಗೂ ಬಾಯಿಪಾಠ ಮಾಡಿಸ್ತೀನಿ, ನೋಡ್ತಿರು.”

ಅವಳು ಹೋದ ಮೇಲೆ ರೆಕಾರ್ಡ್ ಹಾಕಿದ. ಅರ್ಧ ಹಾಡಿಗೇ ಕಾಲು ತಾಳ ಹಾಕಿತು. ಮುಗಿಯುವ ಹೊತ್ತಿಗೆ ಕೈ ಬ್ಲೇಡು ಹುಡುಕುತ್ತಿತ್ತು.

ಹಾಡು ಊರನ್ನೇ ಹುಚ್ಚೆಬ್ಬಿಸಿತು. ಕೇಳುಗರ ಪತ್ರಗಳ ಮೇಲೆ ರೇಡಿಯೊದವರು ವಾರವಾರ ಮಾಡುತ್ತಿದ್ದ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನ ‘ಎಬೆರ್ಟೊನ ಹಾಡಿ’ಗೇ. ಪಟ್ಟಿ ಓದುವ ಗಿಲ್ಬೆರ್ಟೊ ತಾನೇ ಹುಡುಕಿಕೊಂಡು ಬಂದ.

“ಹಾಡಿದ್ಯಾರಯ್ಯಾ?”

“ಹಡಗಿನವನೊಬ್ಬ ತಂದ್ಕೊಟ್ಟ. ಯಾವ ದೇಶದ್ದೋ ಏನೋ.”

“ಥೂ ನಿನ್ನ! ಪದ ಪದದಲ್ಲೂ ನಮ್ಮ ಓಣಿ ವಾಸನೆ ಹೊಡೀತಿದೆ, ಯಾವ ದೇಶ ಅಂತೆ!”

ಎಬೆರ್ಟೊ ಹಲ್ಲುಕಿರಿದ. ನೆರೈಡಾಳಿಗೆ ಮುಂದಿನ ವಾರ ಬರೆದರಾಯಿತು ಎಂದುಕೊಂಡ. ಅವಳು ಬಂದರೆ ಗುಟ್ಟು ರಟ್ಟಾಗಿ, ಹಾಡು ಎಲ್ಲರ ಪಾಲಾಗುತ್ತಿತ್ತು. ಮುಂದಿನ ವಾರವೂ ಹಾಗೆಯೇ ಅಂದುಕೊಂಡ. ಅಷ್ಟರಲ್ಲಿ ಯಾರೋ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಹೋದರು; ರಾಜಧಾನಿಯ ಕಂಪನಿಯೊಂದು ಅದೇ ಹಾಡನ್ನು ಬೇರೆ ಗಾಯಕಿಯಿಂದ ಹಾಡಿಸಿತು. ಕ್ರಿಸ್ಮಸ್ ವೇಳೆಗೆ ಅದು ಇಡೀ ದೇಶದ ಪಟ್ಟಿಯಲ್ಲಿ ಮೊದಲನೆಯದು, ಆ ಗಾಯಕಿಯ ಹೆಸರಿನಲ್ಲಿ.

ಅಂದಿನಿಂದ ಎಬೆರ್ಟೊ, ನೆರೈಡಾಳ ತಾಯಿ ಎದುರಾದರೆ ಓಣಿ ಬದಲಿಸುತ್ತಿದ್ದ. ಒಬ್ಬ ಹುಡುಗಿಯ ಅನ್ನ ಕಸಿದ ಪಾಪಿ ನಾನು ಎಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದ. ಆದರೂ ಕಾಗದ ಮಾತ್ರ ಬರೆಯಲಿಲ್ಲ, ಹೇಡಿ.

ಎರಡು ವರ್ಷದ ಮೇಲೆ, ಕಾರ್ನಿವಲ್ ಹಬ್ಬಕ್ಕೆ ನೆರೈಡಾ ಊರಿಗೆ ಬಂದಳು. ಎಬೆರ್ಟೊ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಬ್ಲೇಡಿನಿಂದ ಹಡಗಿನವನ ಸುಳ್ಳಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ.

“ಬೈಯಮ್ಮ. ಚಪ್ಪಲೀಲಿ ಹೊಡಿ.”

ನೆರೈಡಾ ಮೀನಿನ ಹುರುಪೆ ತೆಗೆಯುವುದನ್ನು ನಿಲ್ಲಿಸಿದಳು.

“ಆ ಹಾಡು ಅಲ್ಲಿಗೂ ಬಂತು ಮಾಮಾ. ನಮ್ಮ ಯಜಮಾನಿ ದಿನಾ ಹಾಕೋರು. ಅದೇ ಹಾಡು. ಆ ಗಾಯಕಿ ಹಾಡಿದ್ರೆ ಎಲ್ರೂ ಕುಣೀತಾರೆ, ನಾನು ಹಾಡಿದ್ದು ಯಾರಿಗೂ ಹಿಡಿಸ್ಲಿಲ್ಲ, ನಿನ್ನ ಕಾಗದ ಬರ್ಲೇ ಇಲ್ವಲ್ಲ. ಅಂದ್ರೆ ನನ್ನ ಗಂಟಲೇ ಕೆಟ್ಟದ್ದು ಅಂದ್ಕೊಂಡೆ. ಆಮೇಲೆ ಪಾತ್ರೆ ತೊಳೆಯುವಾಗ್ಲೂ ಬಾಯಿ ಬಿಟ್ಟಿಲ್ಲ.”

“ಇಲ್ಲ ಕಣಮ್ಮ. ಊರೆಲ್ಲ ಕುಣಿದದ್ದು ನಿನ್ನ ದನಿಗೆ.”

“ನನ್ನ ದನಿಗೇನಾ?”

ಮೂರು ಸಲ ಕೇಳಿದಳು. ಮೂರು ಸಲವೂ ಹೌದೆಂದ. ಚಪ್ಪಲಿಯೇಟಿಗೆ ಸಿದ್ಧನಾಗಿ ಬಂದಿದ್ದ ಮುದುಕ, ಅವಳ ಮುಖದಲ್ಲಿ ಅರಳುತ್ತಿದ್ದ ಸಂತೋಷವನ್ನು ನೋಡಲಾರದೆ ತಲೆ ತಗ್ಗಿಸಿದ.